ಸಾವಂತ್ರೆವ್ವ ಬರೆದ ನಗು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೋಕಾಕದ ಓಣಿಯೊಂದರ ಕಟ್ಟೆಯ ಮೇಲೆ ಸಾವಂತ್ರೆವ್ವ ಕುಂಚ ಹಿಡಿದು ಕೂತಿದ್ದಾರೆ. ಮುಂದೆ ಕಟ್ಟಿಗೆಯ ಗೊಂಬೆಗಳ ಸಾಲು. ಮೈಗೆ ಬಣ್ಣ ಬಂದಿದೆ, ಕಣ್ಣು ಇನ್ನೂ ಬಂದಿಲ್ಲ. ಮಾತಾಡಿಸಬೇಡಿ ಎಂದು ಕೈಸನ್ನೆ ಮಾಡುತ್ತಾರೆ. ಸಂದರ್ಶನಕ್ಕೆಂದೇ ಬಂದ ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿಯುತ್ತೇನೆ.

"ಹೊತ್ತೇರಿದ ಮ್ಯಾಲ ಗಾಡಿ ಓಡಾಡತಾವ್ರಿ, ಕೈ ಅಳ್ಳಾಡತೈತಿ. ಗೊಂಬಿ ಮೆಳ್ಳಗಣ್ಣು ಆಗ್ತಾವು," ಎನ್ನುತ್ತಾರೆ ಆಮೇಲೆ.

ಕುಂಚ ಅತ್ತೆಯಿಂದ ಬಂದದ್ದು. ಗಂಡ ತೀರಿಕೊಂಡ ಮೇಲೆ ಮನೆ ನಡೆದಿರುವುದು ಇದರಿಂದಲೇ. ದಿನಕ್ಕೆ ಹತ್ತು-ಹನ್ನೆರಡು ಮುಖ ಬರೆದರೆ ಹೆಚ್ಚು. ಆದರೆ ಇವತ್ತು ಅವರ ಲಕ್ಷ್ಯವೆಲ್ಲ ಬಾಗಿಲ ಬಳಿ ಒಂಟಿಯಾಗಿ ಕೂತ ಹಳೆಯ ಗೊಂಬೆಯ ಮೇಲೆ.

ಅದು ಹುಕ್ಕೇರಿ ತಾಲೂಕಿನ ಹತ್ತರಗಿಯ ಪೂನಮಳದು. ಕುರಿ ಕಾಯುವ ಅಜ್ಜ ಶೆಟ್ಟೆಪ್ಪನ ಜೊತೆ ಈ ಹುಡುಗಿ, ಹುಡುಗಿಯ ಜೊತೆ ಗೊಂಬೆ. ಅದರ ಕೈಯನ್ನು ಕುರಿಯೊಂದು ಕಡಿದಿದೆ. ಹಿಡಕಲ್ ಕಾಲುವೆಯಲ್ಲಿ ತೇಲಿಹೋಗಿ ಮೀನಿನ ಬಲೆಗೆ ಸಿಕ್ಕಿದೆ. ಬಸ್ಸಿನಲ್ಲಿ ಮರೆತು ಉಳಿದು, ಒಂಟಿಯಾಗಿ ಮೂಡಲಗಿ ನೋಡಿಕೊಂಡು ಬಂದಿದೆ! ಈ ತಿರುಗಾಟದಲ್ಲಿ ಮುಖ ಪೂರ್ತಿ ಅಳಿಸಿತ್ತು. ಮೊಮ್ಮಗಳು ಖುಷಿಪಡಲಿ ಎಂದು ಅಜ್ಜ ಗುಟ್ಟಾಗಿ ಇಲ್ಲಿಗೆ ತಂದು ಹೊಸ ಮುಖ ಬರೆಸಿದರು. ಹುಡುಗಿ ನೋಡಿದ್ದೇ ಅತ್ತಳು, ಊಟ ಬಿಟ್ಟಳು. ಗೊಂಬೆ ಇಲ್ಲಿಗೇ ವಾಪಸು ಬಂತು.

ಮೊದಲ ಬಸ್ಸಿಗೆ ಅಜ್ಜ, ಮೊಮ್ಮಗಳು ಇಬ್ಬರೂ ಬಂದಿಳಿಯುತ್ತಾರೆ.

"ಕೈ ನೋಡವಾ, ನಮ್ಮ ಕುರಿ ಕಡದ ಗುರ್ತ ಐತಲ್ಲ!" ಶೆಟ್ಟೆಪ್ಪ ಅಂಗಲಾಚುತ್ತಾರೆ.

"ಕೈ ನಮ್ಮಾಕೀದು. ಮಾರಿ ನಮ್ಮಾಕೀದಲ್ಲ." ಪೂನಮ್ ಗೊಂಬೆಯ ಮುಖದತ್ತ ಬೆರಳು ತೋರಿಸುತ್ತಾಳೆ.

"ಮೂಗು ಸೊಟ್ಟ ಆಗೇತೇನ ಯವ್ವಾ? ಕಣ್ಣು ಸಣ್ಣ ಆದೂವೇನ?" ಸಾವಂತ್ರೆವ್ವ ಕೇಳುತ್ತಾರೆ. ಪೂನಮ್ ತಲೆ ಅಲ್ಲಾಡಿಸುತ್ತಾಳೆ. ನಾನೂ ತಿರುಗಿಸಿ ನೋಡುತ್ತೇನೆ. ಅಚ್ಚುಕಟ್ಟಾದ ಮುಖ, ತಪ್ಪೇ ಕಾಣುವುದಿಲ್ಲ. ದೊಡ್ಡವರು ಮೂವರೂ ತಲೆ ಕೆರೆದುಕೊಳ್ಳುತ್ತೇವೆ.

ಹುಡುಗಿ ಕೊನೆಗೆ ಸಾವಂತ್ರೆವ್ವನ ಕಡೆ ತಿರುಗಿ ಬಾಯಿ ಬಿಡುತ್ತಾಳೆ. "ಮೊದ್ಲ ನಾ ಅತ್ರ ಆಕೀನೂ ಅಳತಿದ್ಲು ಆಯಿ. ಈಗ ನಾ ಅತ್ರೂ ನಗತಾಳ."

ಸಾವಂತ್ರೆವ್ವ ಗೊಂಬೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ.

"ಮಾರಿ ಬರಿಯೂದು ಕಲತೀನ್ರಿ, ಅಳಸೂದು ಯಾರೂ ಕಲಿಸಿಲ್ಲ. ಅಳಿಸಿದ್ರ ಹಳೇದು ಬರತೈತೋ ಇಲ್ಲೋ ಯಾಂವಗ ಗೊತ್ತು?"

ಆದರೂ ಪಾಲಿಶ್ ಪೇಪರ್ ಎತ್ತಿಕೊಳ್ಳುತ್ತಾರೆ. ಮೊದಲು ತುಟಿ, ಆಮೇಲೆ ಕಣ್ಣು. ಅವರದೇ ಕೆಲಸ ಪುಡಿಯಾಗಿ ಅವರ ಸೆರಗಿನ ಮೇಲೆ ಉದುರುತ್ತದೆ. ಪೂನಮ್ ಗೊಂಬೆಯನ್ನು ಇಸಿದುಕೊಂಡು ಕೆನ್ನೆಗೆ ಒತ್ತಿ, ಕಣ್ಣು ಮುಚ್ಚುತ್ತಾಳೆ.

"ಬಂದ್ಲು," ಎನ್ನುತ್ತಾಳೆ.

ಅವರು ಹೋದ ಮೇಲೂ ಸಾವಂತ್ರೆವ್ವ ಕುಂಚ ಮುಟ್ಟುವುದಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದ್ ಗೊಂಬಿ ಬಾಯಿ ಬರೀದ ಹಂಗ ಬಿಡಬೇಕು ಅನ್ನಿಸಾಕತ್ತೈತ್ರಿ," ಎಂದು ಸಾಲಿನತ್ತ ನೋಡುತ್ತಾರೆ. "ಇಷ್ಟು ವರ್ಸ ಎಲ್ಲಾರಿಗೂ ನಗೂನ ಬರದೀನಿ. ಬೇಕೇನವಾ ಅಂತ ಒಬ್ಬಾಕೀನ್ನೂ ಕೇಳಿಲ್ಲ ನೋಡ್ರಿ."