ಶೀನಿಮಾಮನ ಜಾಝ್ ಜೀವನ

ಸುಳ್ಳು ಹೇಳುವ ಉದ್ದೇಶ ನನಗೆ ಖಂಡಿತಾ ಇರಲಿಲ್ಲ. ಕೈಯಲ್ಲಿ ಕಸದ ಚೀಲವಿತ್ತು, ಕಾಲಲ್ಲಿ ಹವಾಯಿ ಚಪ್ಪಲಿಯಿತ್ತು. ಅಂಥ ಸ್ಥಿತಿಯಲ್ಲಿ ಯಾರಾದರೂ ಪ್ಲಾನ್ ಮಾಡಿ ಸುಳ್ಳು ಹೇಳುತ್ತಾರಾ?

ನಾವು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ಗೆ ಮನೆ ಬದಲಾಯಿಸಿದ ಮೊದಲ ವಾರ ಅದು. ಜನ ಇನ್ನೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲ. ಪಕ್ಕದ ಮನೆಯ ಗರಾಜ್ ಮುಂದೆ ಆಫ್ರಿಕನ್ ಅಮೆರಿಕನ್ ಅಜ್ಜರೊಬ್ಬರು ಕುರ್ಚಿ ಹಾಕಿಕೊಂಡು, ಹಳೇ ಟೀ ಶರ್ಟಿನಲ್ಲಿ ಟ್ರಾಂಬೋನ್ ಒರೆಸುತ್ತಿದ್ದರು. ಟ್ರಾಂಬೋನ್ ಅಂದರೆ ಆ ಉದ್ದನೆಯ ಹಿತ್ತಾಳೆ ವಾದ್ಯ, ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಊದುತ್ತಾರಲ್ಲ, ಅದು. (ಅವತ್ತು ನನಗೆ ಅದರ ಹೆಸರೂ ಗೊತ್ತಿರಲಿಲ್ಲ. ದೊಡ್ಡ ತುತ್ತೂರಿ ಅಂದುಕೊಂಡಿದ್ದೆ.)

"ಜಾಝ್ ಕೇಳ್ತೀಯಾ?" ಅಂದರು.

"ಓ, ಐ ಲವ್ ಜಾಝ್!" ಅಂದೆ.

ಅಮೆರಿಕದಲ್ಲಿ ಹಾಗನ್ನುವುದು ವಾಡಿಕೆ. ಇಲ್ಲಿ ಎಲ್ಲರೂ ಎಲ್ಲವನ್ನೂ ಲವ್ ಮಾಡುತ್ತಾರೆ. ನಾನು ಮಾಡಿದ ಉಪ್ಪಿಲ್ಲದ ಉಪ್ಪಿಟ್ಟನ್ನೂ ಒಬ್ಬಾಕೆ ಲವ್ ಮಾಡಿದ್ದಳು. ಅಷ್ಟಕ್ಕೇ ಮಾತು ನಿಂತಿದ್ದರೆ ನಾನು ಕಸ ಹಾಕಿ ಒಳಗೆ ಹೋಗುತ್ತಿದ್ದೆ.

"ಹೌದಾ! ಯಾರ ಸಂಗೀತ ಇಷ್ಟ?"

ನನ್ನ ಪಾಲಿಗೆ ಜಾಝ್ ಅಂದರೆ ಡೆಂಟಿಸ್ಟ್ ಹತ್ತಿರ ಹಲ್ಲು ಕೀಳಿಸಿಕೊಳ್ಳುವ ಮುಂಚೆ ಕೇಳಿಸುವ ಸಂಗೀತ. ಡೆಂಟಿಸ್ಟ್ ಹೆಸರು ಹೇಳಲಾದೀತೇ? ಆಗ ಬಾಯಿಗೆ ಬಂದದ್ದು ಸತ್ತು ಎಷ್ಟೋ ವರ್ಷವಾಗಿದ್ದ ನನ್ನ ಸೋದರಮಾವ.

"ನಮ್ಮ ಶೀನಿಮಾಮ ಬೆಂಗಳೂರಲ್ಲಿ ಜಾಝ್ ಬ್ಯಾಂಡಲ್ಲಿದ್ದರು. ಕ್ಲಾರಿನೆಟ್."

ಪೂರ್ತಿ ಸುಳ್ಳಲ್ಲ. ಶೀನಿಮಾಮ ಬ್ಯಾಂಡಿನಲ್ಲಿದ್ದದ್ದು ನಿಜ. ಮದುವೆ ಬ್ಯಾಂಡ್. ಕೆಂಪು ಕೋಟು ಹಾಕಿ, ಕ್ಲಾರಿನೆಟ್ ಹಿಡಿದು ನಿಂತ ಅವನ ಫೋಟೋ ಚಿಕ್ಕಂದಿನಲ್ಲಿ ನಮ್ಮ ಗೋಡೆಯ ಮೇಲಿತ್ತು. ನಾನು ಸೇರಿಸಿದ್ದು 'ಜಾಝ್' ಅನ್ನುವ ಒಂದೇ ಪದ.

ಅಜ್ಜ ಎದ್ದು ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು ಹಾಕಿದರು. ಕಸದ ಚೀಲ ಕೆಳಗಿಟ್ಟು ಕೂತೆ. ಅಲ್ಲಿಗೆ ಮುಗಿಯಿತು ಕಥೆ. ಅಥವಾ ಶುರುವಾಯಿತು.

ಅವರ ಹೆಸರು ರೂಬೆನ್. ವಯಸ್ಸು ತೊಂಬತ್ತರ ಆಸುಪಾಸು. ಹುಟ್ಟಿ ಬೆಳೆದದ್ದು ಲಾಸ್ ಏಂಜಲೀಸಿನ ಸೆಂಟ್ರಲ್ ಅವೆನ್ಯೂ ಪಕ್ಕ. ಒಂದು ಕಾಲದಲ್ಲಿ ಆ ರಸ್ತೆಯ ಎರಡೂ ಬದಿಗೆ ಜಾಝ್ ಕ್ಲಬ್ಬುಗಳೇ. ಹೆಂಡತಿ ತೀರಿಕೊಂಡ ಮೇಲೆ ಸ್ಯಾನ್ ಡಿಯಾಗೋಗೆ ಬಂದು ಒಬ್ಬರೇ ಇದ್ದರು. ಪಾಪ, ಮಾತಾಡಲು ಜನ ಬೇಕಿತ್ತು. ಸಿಕ್ಕಿದವಳು ನಾನು.

ಅವತ್ತಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ನನಗೆ ಪಾಠ. ನಾನು ಚಿತ್ರಾನ್ನ ಒಯ್ಯುತ್ತಿದ್ದೆ, ಅವರು ಇಪ್ಪತ್ತನೇ ಶತಮಾನ ಬಡಿಸುತ್ತಿದ್ದರು. (ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಗೊಗ್ಗರು ದನಿಯನ್ನು ನೀವೇ ಸೇರಿಸಿಕೊಳ್ಳಿ.)

ನ್ಯೂ ಆರ್ಲಿಯನ್ಸ್‌ನಲ್ಲಿ ಶವಯಾತ್ರೆಗೆ ಬ್ಯಾಂಡ್ ಹೋಗುತ್ತಿತ್ತಂತೆ. ಸ್ಮಶಾನಕ್ಕೆ ಹೋಗುವಾಗ ನಿಧಾನ, ದುಃಖ. ವಾಪಸ್ ಬರುವಾಗ ಕುಣಿತ. "ಸತ್ತವನ ಕೆಲಸ ಮುಗೀತು, ನಮ್ಮದು ಬಾಕಿ ಇದೆಯಲ್ಲ," ಅಂದರು. ಆ ಸಂಗೀತ ಶಿಕಾಗೋ, ನ್ಯೂಯಾರ್ಕ್ ಕಡೆ ಹೋಯಿತು. ಆಮೇಲೆ ದೊಡ್ಡ ದೊಡ್ಡ ಬ್ಯಾಂಡುಗಳು ಬಂದವು, ಸ್ವಿಂಗ್ ಬಂತು, ದೇಶಕ್ಕೆ ದೇಶವೇ ಡ್ಯಾನ್ಸ್ ಮಾಡಿತು.

"ಮತ್ತೆ ಬೀಬಾಪ್ ಅಂದ್ರೆ ಏನು ಅಂಕಲ್?"

"ಡ್ಯಾನ್ಸ್ ಮಾಡೋರನ್ನ ಓಡಿಸೋಕೆ ಕಂಡುಹಿಡಿದದ್ದು. ಅಷ್ಟು ಸ್ಪೀಡ್. ಕಾಲು ಎತ್ತೋದ್ರೊಳಗೆ ಹಾಡು ಮುಗಿದಿರುತ್ತೆ."

"ಕೂಲ್ ಜಾಝ್?"

"ಅದೇ ಬೀಬಾಪ್. ಕ್ಯಾಲಿಫೋರ್ನಿಯಾಗೆ ಬಂದು ಸಮುದ್ರ ನೋಡಿ ಸುಸ್ತಾಯ್ತು."

ಇಷ್ಟು ಚೆಂದದ ಮೇಷ್ಟರಿಗೆ ನಾನು ಏನು ಕೊಟ್ಟೆ? ಸುಳ್ಳು ಕೊಟ್ಟೆ. ಪ್ರತಿ ಪಾಠದ ಕೊನೆಗೆ ಅವರು ಕೇಳುತ್ತಿದ್ದರು, "ನಿಮ್ಮ ಮಾಮ ಇದನ್ನ ನುಡಿಸ್ತಿದ್ದರಾ?" ನಾನು ಹೂಂ ಅನ್ನುತ್ತಿದ್ದೆ. ಹೀಗೆ ಶೀನಿಮಾಮನಿಗೆ ಪ್ರಮೋಷನ್ ಮೇಲೆ ಪ್ರಮೋಷನ್. ಮೊದಲ ವರ್ಷ ಅವನು ಕಂಟೋನ್ಮೆಂಟಿನ ಹೋಟೆಲಿನಲ್ಲಿ ನುಡಿಸಿದ. ಎರಡನೇ ವರ್ಷ ಸ್ಯಾಕ್ಸೋಫೋನ್ ಕಲಿತ. ಮೂರನೇ ವರ್ಷ ಅಮೆರಿಕದಿಂದ ಬಂದ ಸಂಗೀತಗಾರನೊಬ್ಬ ಅವನ ಕೈ ಕುಲುಕಿ "ಬ್ರದರ್" ಅಂದ. ಬರೆದಿಟ್ಟುಕೊಳ್ಳದೆ ಆ ಕ್ಷಣಕ್ಕೆ ಹೊಳೆದದ್ದನ್ನು ಬೆಳೆಸುತ್ತಾ ಹೋಗುವುದಕ್ಕೆ ಜಾಝ್‌ನಲ್ಲಿ ಇಂಪ್ರೊವೈಸೇಷನ್ ಅನ್ನುತ್ತಾರೆ. ನಾನು ಅದನ್ನೇ ಮಾಡುತ್ತಿದ್ದೆ, ವಾದ್ಯವಿಲ್ಲದೆ.

ಕಳೆದ ತಿಂಗಳು ಗ್ರಹಚಾರ ಬಾಗಿಲು ತಟ್ಟಿತು. ರೂಬೆನ್ ಅಂಕಲ್ ನಗುತ್ತಾ ನಿಂತಿದ್ದರು.

"ಲಾಸ್ ಏಂಜಲೀಸಲ್ಲಿ ನಾವು ಹಳೇ ಗೆಳೆಯರು ಸೇರ್ತೀವಿ. ಚರ್ಚ್ ಹಾಲಲ್ಲಿ, ಶನಿವಾರ ಮಧ್ಯಾಹ್ನ. ನಿನ್ನ ಮಾಮನ ವಿಷಯ ಹೇಳಿದೆ. ಎಲ್ಲರಿಗೂ ಕೇಳಬೇಕಂತೆ. ಹದಿನೈದು ನಿಮಿಷ ಮಾತಾಡಬೇಕು ನೀನು. ಫೋಟೋ ಇದ್ರೆ ತಾ."

"ಓ, ಐ ವುಡ್ ಲವ್ ಟು!" ಅಂದಿತು ನನ್ನ ಬಾಯಿ. (ನೋಡಿ, ಮತ್ತೆ ಲವ್.)

ಮನೆಯಲ್ಲಿ ತುರ್ತು ಸಭೆ. ಗಂಡ ಗಿರೀಶ ಟೆಲಿಕಾಂ ಇಂಜಿನಿಯರ್. ಅವನ ಬಳಿ ಲೋಕದ ಎಲ್ಲ ಕಷ್ಟಕ್ಕೂ ಒಂದೇ ಪರಿಹಾರ: "ಪಿಪಿಟಿ ಮಾಡು. ಮೂವತ್ತು ಸ್ಲೈಡ್ ಹಾಕು. ಆಮೇಲೆ ಯಾರೂ ಪ್ರಶ್ನೆ ಕೇಳಲ್ಲ."

ಹದಿನಾಲ್ಕರ ಮಗಳು ಅನಘಾ ಫೋನಿನಿಂದ ತಲೆಯೆತ್ತದೆ, "ಅಮ್ಮಾ, ಜಸ್ಟ್ ಟೆಲ್ ಹಿಮ್ ದ ಟ್ರೂತ್," ಅಂದಳು.

"ಸುಮ್ನಿರು, ದೊಡ್ಡೋರು ಮಾತಾಡ್ತಾ ಇದ್ದೀವಿ," ಅಂದೆವು ಇಬ್ಬರೂ.

ಬಸವನಗುಡಿಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಸಮಯ.

"ಅಮ್ಮಾ, ಶೀನಿಮಾಮ ಕ್ಲಾರಿನೆಟ್ ನುಡಿಸ್ತಿದ್ದ ಅಲ್ವಾ?"

"ಹಿಡ್ಕೋತಿದ್ದ."

"ಹಾಗಂದ್ರೆ?"

"ಹಿಡ್ಕೋತಿದ್ದ ಅಂದ್ರೆ ಹಿಡ್ಕೋತಿದ್ದ ಕಣೇ. ಊದೋಕೆ ಎಲ್ಲಿ ಬರ್ತಿತ್ತು ಅವನಿಗೆ?"

ಕುರ್ಚಿ ಎಳೆದು ಕೂತೆ.

"ಬ್ಯಾಂಡಿನವರು ಹನ್ನೆರಡು ಜನ ಬರ್ತೀವಿ ಅಂತ ಮದುವೆ ಮನೆಯವರಿಗೆ ಒಪ್ಕೊಂಡಿರೋರು. ಊದೋರು ಎಂಟೇ ಜನ. ಮಿಕ್ಕ ನಾಲ್ಕು ಜನಕ್ಕೆ ಸುಮ್ನೆ ಕೋಟು ಹಾಕಿ ನಿಲ್ಸೋರು. ಶೀನಿ ನೋಡೋಕೆ ಲಕ್ಷಣವಾಗಿದ್ದ, ಮೀಸೆ ಬೇರೆ. ಅದಕ್ಕೆ ಮುಂದಿನ ಸಾಲು. ಇವನಿಗೆ ಮದುವೆ ಊಟ ಅಂದ್ರೆ ಪ್ರಾಣ, ಹೋಗ್ತಿದ್ದ. ಒಂದ್ಸಲ ಆಸೆ ತಡೀಲಾರ್ದೆ ನಿಜವಾಗ್ಲೂ ಊದಿಬಿಟ್ಟ ನೋಡು, ಪಕ್ಕದಲ್ಲಿದ್ದ ಜಟಕಾ ಕುದುರೆ ಬೆದರಿ ತರಕಾರಿ ಅಂಗಡಿಗೆ ನುಗ್ತು. ಅವತ್ತಿಂದ ಕ್ಲಾರಿನೆಟ್ ಬಾಯಿಗೆ ಬಟ್ಟೆ ತುರುಕಿ ಕೊಡೋರು."

ಅಂದರೆ ನಾನು ಸುಳ್ಳಿನ ಮೇಲೆ ಕಟ್ಟಿದ ಮಹಡಿಗೆ ಪಾಯವೂ ಸುಳ್ಳೇ! ಆದರೂ ಫೋಟೋ ತರಿಸಿಕೊಂಡೆ. ಪಿಪಿಟಿ ಮಾಡಿದೆ. ಮೂವತ್ತು ಸ್ಲೈಡ್. ಅಮೆರಿಕದ ಜಾಝ್ ಕಲಾವಿದರು ಹಡಗಿನಲ್ಲಿ ಬಾಂಬೆಗೆ ಬಂದು ದೊಡ್ಡ ಹೋಟೆಲುಗಳಲ್ಲಿ ನುಡಿಸಿದ್ದು, ಅವರಿಂದ ಗೋವಾದವರು ಕಲಿತದ್ದು, ಆ ಗೋವಾದವರೇ ಹಿಂದಿ ಸಿನಿಮಾ ಹಾಡುಗಳಿಗೆ ಸ್ಯಾಕ್ಸೋಫೋನ್ ತುಂಬಿದ್ದು. ಇವೆಲ್ಲ ನಿಜ, ಓದಿ ತಿಳಿದುಕೊಂಡೆ. ಇಷ್ಟು ನಿಜದ ನಡುವೆ ಒಬ್ಬ ಶೀನಿಮಾಮ ಅಡಗಿ ಕೂರಲಾರನೇ?

ಶನಿವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಟ್ರಾಂಬೋನ್, ಪುಳಿಯೋಗರೆ ಡಬ್ಬ, ನನ್ನ ಲ್ಯಾಪ್‌ಟಾಪ್. ದಾರಿಯಲ್ಲಿ ನಿಜ ಹೇಳಿಬಿಡೋಣ ಅಂತ ಮೂರು ಸಲ ಪ್ರಯತ್ನಿಸಿದೆ. ಮೊದಲ ಸಲ ಅವರು ಗೊರಕೆ ಹೊಡೆಯುತ್ತಿದ್ದರು. ಎರಡನೇ ಸಲ ರೇಡಿಯೋದತ್ತ ಬೆರಳು ತೋರಿಸಿ, "ಶ್! ಸ್ಯಾಕ್ಸೋಫೋನ್ ಮಾತಾಡ್ತಾ ಇದೆ," ಅಂದರು. ಡೈಮಂಡ್ ಬಾರ್ ಅನ್ನುವ ಊರಿನ ಹತ್ತಿರ ಟ್ರಾಫಿಕ್ ಪೂರ್ತಿ ನಿಂತಾಗ ಮೂರನೇ ಸಲ ಶುರು ಮಾಡಿದೆ.

"ಅಂಕಲ್, ನಮ್ಮ ಮಾಮ ಇದ್ದರಲ್ಲ..."

"ಗೊತ್ತು," ಅಂತ ನನ್ನ ಕೈ ತಟ್ಟಿದರು. "ಇವತ್ತು ಅವರಿದ್ದಿದ್ರೆ ಹೆಮ್ಮೆ ಪಡ್ತಿದ್ದರು."

ಇದಾದ ಮೇಲೆ ಯಾರಿಗೆ ಧೈರ್ಯ ಬರುತ್ತದೆ?

ಚರ್ಚ್ ಹಾಲ್‌ನಲ್ಲಿ ಇಪ್ಪತ್ತು ಜನ ಇದ್ದರು. ಎಲ್ಲರೂ ಎಂಬತ್ತು ದಾಟಿದವರು, ಎಲ್ಲರೂ ಒಂದಲ್ಲ ಒಂದು ವಾದ್ಯ ನುಡಿಸಿದವರು. ಕೋಟು, ಟೈ, ಹೊಳೆಯುವ ಬೂಟು. ನಾನು ಲ್ಯಾಪ್‌ಟಾಪ್ ಜೋಡಿಸಿ ಮೊದಲ ಸ್ಲೈಡ್ ಹಾಕಿದೆ. ಗೋಡೆಯ ತುಂಬ ಶೀನಿಮಾಮ. ಕೆಂಪು ಕೋಟು, ಹುರಿ ಮೀಸೆ. ಕೆಳಗೆ ದೊಡ್ಡ ಅಕ್ಷರದಲ್ಲಿ: 'ಮೈ ಅಂಕಲ್: ಎ ಲೈಫ್ ಇನ್ ಜಾಝ್'.

ನಾನು ಆಡಿದ್ದು ಎರಡೇ ವಾಕ್ಯ. ಮುಂದಿನ ಸಾಲಿನಲ್ಲಿ ಕೂತಿದ್ದ ಪಿಯಾನೋ ನುಡಿಸುವ ಅಜ್ಜಿ ಕನ್ನಡಕ ಸರಿಮಾಡಿಕೊಂಡರು.

"ಒಂದು ನಿಮಿಷ ಮಗಳೇ. ಅವನ ಕೈ ಅದಲು ಬದಲಾಗಿದೆ. ಎಡಗೈ ಮೇಲೆ ಬರಬೇಕು."

"ಅದು... ಅದು ಇಂಡಿಯನ್ ಸ್ಟೈಲ್," ಅಂದೆ.

"ಮತ್ತೆ ಕ್ಲಾರಿನೆಟ್ ಬಾಯಲ್ಲಿ ಏನೋ ತುರುಕಿದೆಯಲ್ಲ? ಬಟ್ಟೆನಾ?"

ಫೋಟೋ ನನ್ನ ಫೋನಿನಲ್ಲಿ ಅಂಗೈಯಷ್ಟಿತ್ತು. ಗೋಡೆಯ ಮೇಲೆ ಎಂಟು ಅಡಿ. ಚೌಕಳಿ ಟವೆಲ್ಲಿನ ಒಂದು ತುದಿ ಸ್ಪಷ್ಟವಾಗಿ ಹೊರಗೆ ಇಣುಕುತ್ತಿತ್ತು. ಇಪ್ಪತ್ತು ಜನ ಕತ್ತು ಮುಂದೆ ಚಾಚಿದರು. ಅವರಲ್ಲಿ ರೂಬೆನ್ ಅಂಕಲ್ ಕೂಡ.

ಲ್ಯಾಪ್‌ಟಾಪ್ ಮುಚ್ಚಿದೆ. ಮುಚ್ಚಿ, ಎಲ್ಲ ಹೇಳಿಬಿಟ್ಟೆ. ಕಸದ ಚೀಲದಿಂದ ಜಟಕಾ ಕುದುರೆಯವರೆಗೆ, ಒಂದನ್ನೂ ಬಿಡದೆ. ಕಂಟೋನ್ಮೆಂಟ್ ಹೋಟೆಲ್ ಸುಳ್ಳು, ಸ್ಯಾಕ್ಸೋಫೋನ್ ಸುಳ್ಳು, "ಬ್ರದರ್" ಸುಳ್ಳು. ನಿಜವಾದದ್ದು ಮದುವೆ ಊಟ ಮಾತ್ರ.

ಆಮೇಲೆ ಆ ಪಿಯಾನೋ ಅಜ್ಜಿ ನಗಲು ಶುರು ಮಾಡಿದರು. ನಗುತ್ತಾ ನಗುತ್ತಾ ಪಕ್ಕದವರ ತೋಳು ಹಿಡಿದುಕೊಂಡರು. ಒಬ್ಬರು ತಮ್ಮ ಬ್ಯಾಂಡಿನಲ್ಲಿ ತಂತಿಯೇ ಇಲ್ಲದ ಗಿಟಾರ್ ಹಿಡಿದು ನಿಲ್ಲುತ್ತಿದ್ದ ಸುಂದರಾಂಗನ ಕಥೆ ತೆಗೆದರು. ಇಡೀ ಹಾಲ್ ಹೋ ಎಂದಿತು. ನಗದೆ ಕೂತಿದ್ದವರು ಒಬ್ಬರೇ, ರೂಬೆನ್ ಅಂಕಲ್. ಮೂರು ವರ್ಷದ ಭಾನುವಾರಗಳು ನನ್ನ ಕಣ್ಣ ಮುಂದೆ ಬಂದವು.

ಅವರು ನಿಧಾನವಾಗಿ ಎದ್ದರು.

"ನಿನ್ನ ಮಾಮ ಕಾಣಿಸ್ತಿದ್ದ, ಕೇಳಿಸ್ತಿರಲಿಲ್ಲ. ನಾನು ಕೇಳಿಸ್ತಿದ್ದೆ, ಕಾಣಿಸ್ತಿರಲಿಲ್ಲ."

ಅವರು ಹರೆಯದಲ್ಲಿ ಹಾಲಿವುಡ್ ಸಿನಿಮಾವೊಂದಕ್ಕೆ ಟ್ರಾಂಬೋನ್ ನುಡಿಸಿದ್ದರಂತೆ. ಮುಚ್ಚಿದ ಕೋಣೆಯಲ್ಲಿ ರೆಕಾರ್ಡಿಂಗ್. ತೆರೆಯ ಮೇಲೆ ನಿಲ್ಲಿಸಲು ಮಾತ್ರ ಬಿಳಿಯರ ಬೇರೆ ಬ್ಯಾಂಡ್. ಆ ಬಿಳಿಯರ ಕೆಲಸ ಊದಿದಂತೆ ನಟಿಸುವುದು. ಆಗ ಹಾಗೇ ನಡೆಯುತ್ತಿತ್ತು. ರೂಬೆನ್ ಅಂಕಲ್ ತಮ್ಮ ಅಮ್ಮನಿಗೆ ಹೊಸ ಹ್ಯಾಟ್ ಹಾಕಿಸಿ ಥಿಯೇಟರಿಗೆ ಕರೆದುಕೊಂಡು ಹೋದರು. ಆ ಹಾಡು ಬಂತು. ಬಂಗಾರದ ಕೂದಲಿನವನೊಬ್ಬ ಟ್ರಾಂಬೋನ್ ಕೊಳವೆಯನ್ನು ತಪ್ಪು ತಪ್ಪಾಗಿ ಎಳೆದಾಡುತ್ತಿದ್ದ.

"ಅಮ್ಮ ಕೇಳಿದಳು, ಎಲ್ಲೋ ನೀನು? ನಾನಂದೆ, ಕಣ್ಣು ಮುಚ್ಕೋ ಅಮ್ಮ."

ಈಗ ಯಾರೂ ನಗಲಿಲ್ಲ.

ಎಷ್ಟು ಹೊತ್ತು? ಜಾಝ್‌ನವರಿಗೆ ಮೌನ ಜಾಸ್ತಿ ಹೊತ್ತು ತಡೆಯುವುದಿಲ್ಲ. ಯಾರೋ ಡ್ರಮ್ ಮೇಲೆ ಟಕ್ ಅನ್ನಿಸಿದರು. ಪಿಯಾನೋ ಅಜ್ಜಿ ಎದ್ದು, ಒಂದು ಕ್ಲಾರಿನೆಟ್ ತಂದು, ಅದರ ಬಾಯಿಗೆ ಊಟದ ಮೇಜಿನ ನ್ಯಾಪ್ಕಿನ್ ತುರುಕಿ ನನ್ನ ಕೈಗೆ ಕೊಟ್ಟರು. "ಮುಂದಿನ ಸಾಲಲ್ಲಿ ನಿಲ್ಲು. ಲಕ್ಷಣವಾಗಿ ಕಾಣು. ಎಡಗೈ ಮೇಲೆ."

ನಿಂತೆ. ಎಂಬತ್ತು ದಾಟಿದವರು ಊದಿದ ರಭಸಕ್ಕೆ ಕಿಟಕಿ ಗಾಜು ನಡುಗಿತು. ನಾನು ಸಲ್ವಾರ್ ಕಮೀಜ್‌ನಲ್ಲಿ, ಕೆನ್ನೆ ಉಬ್ಬಿಸಿ, ಬೆರಳು ಕುಣಿಸಿ, ಒಂದೂ ಸ್ವರ ಹೊರಡಿಸದೆ ಪೂರ್ತಿ ಹಾಡು ಮುಗಿಸಿದೆ. ಚಪ್ಪಾಳೆ ಬಿತ್ತು. ಬಾಗಿ ನಮಸ್ಕಾರವನ್ನೂ ಮಾಡಿದೆ. (ನಾಚಿಕೆ ಇರಬೇಕಿತ್ತು. ಇರಲಿಲ್ಲ.) ಪುಳಿಯೋಗರೆ ಡಬ್ಬ ಹತ್ತು ನಿಮಿಷದಲ್ಲಿ ಖಾಲಿ.

ವಾಪಸ್ ಬರುವಾಗ ಅಂಕಲ್ ರೇಡಿಯೋ ಆರಿಸಿದರು.

"ಸಾರಿ ಅಂಕಲ್," ಅಂದೆ. "ಮೂರು ವರ್ಷ ನಿಮಗೆ ಸುಳ್ಳು ಹೇಳಿದೆ."

"ಬೇಜಾರಾಯ್ತು," ಅಂದರು. "ಆ ಸ್ಯಾಕ್ಸೋಫೋನ್ ಕಲಿತದ್ದು ಅತಿಯಾಯ್ತು. ಅಮೆರಿಕದವನು ಬ್ರದರ್ ಅಂದದ್ದು ಮಾತ್ರ ಚೆನ್ನಾಗಿತ್ತು. ಅದನ್ನ ಇಟ್ಕೋ."

ಮನೆ ಮುಂದೆ ಕಾರಿಳಿಯುತ್ತಾ ಅಂದರು, "ಭಾನುವಾರ ಬಾ. ಅರವತ್ತರ ದಶಕ ಇನ್ನೂ ಬಾಕಿ ಇದೆ."

ರಾತ್ರಿ ಊಟದ ಹೊತ್ತಿಗೆ ಇದನ್ನೆಲ್ಲ ಕೇಳಿ ಗಿರೀಶ ನಗುತ್ತಾನೆ ಅಂದುಕೊಂಡಿದ್ದೆ. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆ ವಾರವಷ್ಟೇ ಅವನು ಎರಡು ತಿಂಗಳು ಕೂತು ಮಾಡಿದ ಡಿಸೈನನ್ನು ಅವನ ಮ್ಯಾನೇಜರ್ ಮೇಲಿನವರ ಮುಂದೆ ತಾನೇ ಪ್ರೆಸೆಂಟ್ ಮಾಡಿದ್ದನಂತೆ. ಗಿರೀಶ ಅದೇ ಕಾಲ್‌ನಲ್ಲಿದ್ದ. ಮ್ಯೂಟ್‌ನಲ್ಲಿ.

"ಡ್ಯಾಡ್, ವೈ ಡಿಂಟ್ ಯು ಸೇ ಎನಿಥಿಂಗ್?" ಅಂದಳು ಅನಘಾ.

"ಚೆನ್ನಾಗೇ ಪ್ರೆಸೆಂಟ್ ಮಾಡಿದ ಕಣೇ," ಅಂದ ಗಿರೀಶ. "ಎರಡು ಸ್ಲೈಡ್ ತಲೆಕೆಳಗಾಗಿತ್ತು, ಅಷ್ಟೇ."

ನಿಮ್ಮ ಆಫೀಸಿನಲ್ಲಿ ಊದುವವರು ಯಾರು, ಹಿಡಿದುಕೊಂಡು ನಿಂತವರು ಯಾರು ಅಂತ ನಾನು ಕೇಳುವುದಿಲ್ಲ, ಅದು ನಿಮಗೆ ಚೆನ್ನಾಗಿ ಗೊತ್ತು. ಆದರೆ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟುವವರಿಗೆ ಗೊತ್ತಾ?