ಅತ್ತೆಯ ದೋಣಿಗೆ ನವಾರದ ಸೀಟು

ಆ ಕಾಲದಲ್ಲಿ ದಾವಣಗೆರೆಯಲ್ಲಿ ಆಟೋ ಹತ್ತಿದವರ ಪೈಕಿ ನಾನು ಹೊಲಿದ ಸೀಟಿನ ಮೇಲೆ ಕೂರದವರು ಕಡಿಮೆ ಎಂದು ಈಗಲೂ ಜಂಬ ಕೊಚ್ಚಿಕೊಳ್ಳುತ್ತೇನೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪ ಕೆಲಸಕ್ಕಿದ್ದ ಕಾಟನ್ ಮಿಲ್ ಬಾಗಿಲು ಹಾಕಿದ ಮೇಲೆ ವಿನೋಬನಗರದಲ್ಲಿ ಸಣ್ಣದೊಂದು ಅಂಗಡಿ ಹಿಡಿದು ಆಟೋಗಳಿಗೆ ಸೀಟು, ಹುಡ್ಡು ಮಾಡಿಕೊಡುತ್ತಿದ್ದರು. ಅಪ್ಪ ರೆಕ್ಸಿನ್ ಕತ್ತರಿಸುವುದು, ಮಗಳು ನಾನು ಹೊಲಿಯುವುದು. ಯಾರಾದರೂ ಬಂದು "ಟೈಲರ್ ಎಲ್ಲಿ?" ಎಂದು ನನ್ನನ್ನೇ ಕೇಳಿದರೆ ನಾನು ಮಷೀನಿನಿಂದ ತಲೆ ಎತ್ತುತ್ತಿರಲಿಲ್ಲ. ಅವರಿಗೇ ಗೊತ್ತಾಗುವವರೆಗೂ ನಿಂತಿರಲಿ ಎಂದು ಬಿಟ್ಟುಬಿಡುತ್ತಿದ್ದೆ.

ನನ್ನ ಹೆಸರು ಎದ್ದದ್ದು ಗುಂಡಿ ಸೀಟಿನಿಂದ. ಫೋಮಿನ ಮೇಲೆ ರೆಕ್ಸಿನ್ ಎಳೆದು, ರೆಕ್ಸಿನ್ ಸುತ್ತಿದ ಗುಂಡಿಗಳನ್ನು ಸಾಲಾಗಿ ಒಳಕ್ಕೆ ಜಗ್ಗಿ ಕಟ್ಟಿದರೆ ಸೀಟು ಉಬ್ಬುಬ್ಬಾಗಿ ಎದ್ದು ನಿಲ್ಲುತ್ತದೆ. ಆಟೋದವರಿಗೆ ಅದೆಂದರೆ ಪ್ರಾಣ. ಕೆಂಪು ರೆಕ್ಸಿನ್ನು, ಅಂಚಿನುದ್ದಕ್ಕೂ ಹಳದಿ ಪೈಪಿಂಗು, ಗುಂಡಿ ಮೇಲೆ ಗುಂಡಿ. ಮದುವೆ ಮಂಟಪದ ಕುರ್ಚಿಯೂ ಅದರ ಮುಂದೆ ಸಪ್ಪೆ.

ಒಂದು ದಿನ ಹರಿಹರದ ಅತ್ತೆ ಅಂಗಡಿಗೆ ಬಂದರು. ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮದು ಹೊಳೆಯಲ್ಲಿ ಮೀನು ಹಿಡಿಯುವವರ ಮನೆತನ. ಅಪ್ಪ ಮಿಲ್ ಕೆಲಸಕ್ಕೆಂದು ಊರು ಬಿಟ್ಟರು, ಅತ್ತೆ ತುಂಗಭದ್ರೆಯ ದಂಡೆ ಬಿಡಲಿಲ್ಲ. ಮಾವ ತೀರಿಕೊಂಡ ಮೇಲೂ ಮಗನನ್ನು ಕರೆದುಕೊಂಡು ಹೊಳೆಗಿಳಿದರು. ಮಗ ಹುಟ್ಟು ಹಾಕುವುದು, ಅತ್ತೆ ಬಲೆ ಎಳೆಯುವುದು. ಅಲ್ಲಿ ಉಳಿದವರದೆಲ್ಲ ದುಂಡನೆಯ ತೆಪ್ಪ. ಇವರದು ಮಾತ್ರ ಉದ್ದನೆಯ ಹಲಗೆ ದೋಣಿ. ಹಿಂದೆ ಜನರನ್ನು ಆ ದಡಕ್ಕೆ ದಾಟಿಸುತ್ತಿದ್ದ ಹಳೆಯ ದೋಣಿಯನ್ನು ಮಾವ ಕೊಂಡಿದ್ದರು. ಹಾಗಾಗಿ ಅದರಲ್ಲಿ ಅಡ್ಡಕ್ಕೆ ಹಲಗೆ ಬಡಿದ ಸೀಟುಗಳಿದ್ದವು. ಅವು ನೀರು ಕುಡಿದು ಕುಡಿದು ಮೆತ್ತಗಾಗಿ, ಅತ್ತೆ ಕೂರುವ ನಡುವಿನ ಸೀಟು ಒಂದು ಬೆಳಿಗ್ಗೆ ಮುರಿದೇ ಹೋಗಿತ್ತು. ಅತ್ತೆ ದೋಣಿಯೊಳಗೇ ಬಿದ್ದು ಬಲಗಡೆಯ ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಮಗ ಅವರನ್ನು ಮನೆಯಲ್ಲಿ ಕೂರಿಸಿ ಒಬ್ಬ ಆಳನ್ನು ಕರೆದುಕೊಂಡು ಹೋಗಲು ಶುರುಮಾಡಿದ್ದ.

ಅತ್ತೆ ನೀರು ಕೂಡ ಕುಡಿಯದೆ ನನ್ನ ಮಷೀನಿನ ಎದುರು ಕೂತರು. "ಊರಾಗಿನ ಆಟೋದೋರಿಗೆಲ್ಲ ಗಾದಿ ಮಾಡಿಕೊಡ್ತೀಯಂತೆ. ನಿಮ್ಮತ್ತಿಗೆ ಒಂದು ಸೀಟು ಮಾಡಾಕ ಆಗಲ್ಲೇನೇ ಸೊಸಿ?"

ಅಪ್ಪ ನಡುವೆ ಬಾಯಿ ಹಾಕಿದರು. "ವಯಸ್ಸಾತಲ್ಲಕ್ಕ. ಇನ್ನ ಹೊಳಿ ಯಾಕ? ಮನ್ಯಾಗಿರು."

"ನಿನ್ನ ಮಿಲ್ಲು ಮುಚ್ಚಿದಾಗ ಮನ್ಯಾಗಿರು ಅಂತ ನಿನಗ್ಯಾರು ಅಂದ್ರು?"

ಅಪ್ಪ ಕತ್ತರಿ ಹುಡುಕುವ ನೆಪದಲ್ಲಿ ಒಳಗೆ ಹೋದರು. ಅತ್ತೆಯ ಕಣ್ಣಲ್ಲಿ ನೀರು ನಿಂತಿತ್ತು. "ಬೆಳಿಗ್ಗೆ ಅವ್ರು ದೋಣಿ ಬಿಚ್ಚೋ ಸದ್ದು ಕೇಳ್ತೀನಿ ಕಣೇ. ನಾನು ಗ್ವಾಡಿ ನೋಡ್ಕಂತ ಕುಂತಿರ್ತೀನಿ. ಆ ಸೀಟು ಒಂದು ಸರಿ ಹೋದ್ರೆ ಸಾಕು, ನಾನು ಹೋಗ್ತೀನಿ." ನನಗೆ ಸಿಟ್ಟು ಬಂತು. ಹೊಳೆಯ ಮೇಲೆ ಇಷ್ಟು ವರ್ಷ ಮನೆ ನಡೆಸಿದವರನ್ನು ಗೋಡೆ ನೋಡಲು ಬಿಡುವುದೆಂದರೇನು? ಇಡೀ ಹರಿಹರ ಬಾಯಿಬಿಟ್ಟು ನೋಡುವಂಥ ಸೀಟು ಮಾಡುತ್ತೇನೆ ಎಂದು ಮಾತು ಕೊಟ್ಟೆ.

ಮಾಡಿಯೂ ಮಾಡಿದೆ. ಬಡಗಿಯಿಂದ ಹೊಸ ಹಲಗೆ ಹಾಕಿಸಿ, ಅಳತೆ ತಂದು, ಇದ್ದಬದ್ದ ವಿದ್ಯೆಯನ್ನೆಲ್ಲ ಅದರ ಮೇಲೆ ಸುರಿದು ಗುಂಡಿ ಸೀಟು ಹೊಲಿದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುವಾಗ ಕಂಡಕ್ಟರ್ ಕೂಡ ಮುಟ್ಟಿ ನೋಡಿ "ಭಾರಿ ಐತೆ ಬಿಡ್ರಿ" ಎಂದ. ನಾನು ಅಲ್ಲಿಗೇ ಗೆದ್ದೆ ಅಂದುಕೊಂಡೆ.

ಅತ್ತೆಯ ಮಗ ನನ್ನ ಸೀಟನ್ನು ನೋಡಿ ನಕ್ಕನಾದರೂ "ಒಂದ್ಸಲ ನೋಡಾನ, ಬಾರವ್ವ" ಎಂದು ತಾಯಿಯನ್ನು ಕರೆದ. ನಾನೂ ಹತ್ತಿದೆ. ನಡುಹೊಳೆಯವರೆಗೂ ಅತ್ತೆ ಪಟ್ಟಕ್ಕೆ ಏರಿದವರಂತೆ ಕೂತಿದ್ದರು. ಆಮೇಲೆ, ಹಿಂದಿನ ಸಂಜೆ ಬಿಟ್ಟಿದ್ದ ಬಲೆಯನ್ನು ಎಳೆಯಲು ತೊಡಗಿದರು. ಬಲೆ ಅವರ ಮಡಿಲಿಗೆ ಬಂದು, ಸೀಟಿನ ಮೇಲೆ ಹಾದು ಕೆಳಗೆ ಬೀಳಬೇಕು. ಬೀಳಲಿಲ್ಲ. ಮೊದಲ ಗುಂಡಿಗೆ ಬಲೆಯ ಒಂದು ಕಣ್ಣು ಸಿಕ್ಕಿಕೊಂಡಿತು. ಅದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಗುಂಡಿಗೆ ನಾಲ್ಕು ಕಣ್ಣು. ಅತ್ತೆ ಜಗ್ಗಿದರು, ಗುಂಡಿ ಕಿತ್ತು ಬಂತು, ಬಲೆ ಹರಿಯಿತು. ನೀರು ಕುಡಿದ ಫೋಮು ಅವರ ಕೆಳಗೆ ಜಾರಿ, ಬಿಡಿಸಲು ಬಗ್ಗಿದ ಅತ್ತೆ ಪಕ್ಕಕ್ಕೆ ವಾಲಿ, ದೋಣಿಯೂ ವಾಲಿತು. ಮಗ ಹುಟ್ಟು ಬಿಟ್ಟು ಬಂದು ತಾಯಿಯನ್ನು ಹಿಡಿದುಕೊಂಡ. ಅವನ ಮುಖ ಬಿಳಿಚಿಕೊಂಡಿತ್ತು.

"ಸಾಕವ್ವ. ಇನ್ನ ಬ್ಯಾಡ. ಹೊಳ್ಯಾಗೆ ನಿನ್ನ ಕಳ್ಕಳ್ಳಾಕ ನಾನು ತಯಾರಿಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿ. ದಂಡೆಗೆ ಬಂದ ಮೇಲೆ ನನ್ನ ಕೈಯಾರೆ ಆ ಸೀಟನ್ನು ಕಿತ್ತು ಎಸೆದೆ. ಅತ್ತೆ ಮನೆಗೆ ನಡೆದು, ಕಟ್ಟೆಯ ಮೇಲೆ ಕೂತು ಹರಿದ ಬಲೆಯನ್ನು ಹೊಲಿಯಲು ಶುರುಮಾಡಿದರು.

ಮುಖ ಊದಿಸಿಕೊಂಡು ಅವರ ಎದುರಿಗೆ ಕೂತಾಗಲೇ ನಾನು ಸರಿಯಾಗಿ ನೋಡಿದ್ದು. ಅತ್ತೆ ನಮ್ಮ ಹಾಗೆ ಎರಡೂ ಕಾಲು ಮುಂದೆ ಬಿಟ್ಟು ಕೂರುತ್ತಿರಲಿಲ್ಲ. ಬಲಗಾಲು ಮಡಚಿ, ಎಡಗಾಲನ್ನು ಮುಂದಕ್ಕೆ ಚಾಚಿ ಊರಿ, ಭಾರವನ್ನೆಲ್ಲ ಎಡತೊಡೆಯ ಮೇಲೆ ಬಿಟ್ಟಿದ್ದರು. ಬಲೆ ಮಡಿಲಿನಿಂದ ಎಡಕ್ಕೇ ಜಾರುತ್ತಿತ್ತು. ನಾನು ಹಲಗೆಯ ಅಳತೆ ತೆಗೆದಿದ್ದೆ, ಅತ್ತೆಯದು ತೆಗೆದಿರಲಿಲ್ಲ. ಆಟೋದಲ್ಲಿ ಯಾರು ಬೇಕಾದರೂ ಕೂರುತ್ತಾರೆ, ಕೂರುವವರ ಅಳತೆ ತೆಗೆದು ಯಾರಿಗೆ ರೂಢಿ?

"ಅತ್ತಿ, ಇನ್ನೊಂದು ಸಲ ಮಾಡ್ತೀನಿ" ಎಂದೆ.

ಒಳಗಿನಿಂದ ಮಗ ಕೂಗಿದ. "ಸೀಟು ಬೇಕಾದ್ರೆ ಮಾಡು, ಬ್ಯಾಡ ಅನ್ನಲ್ಲ. ಅದ್ರಾಗೆ ಕುಂದ್ರೋದು ಮಾತ್ರ ನಮ್ಮ ಆಳು."

ನಾನು ಎದ್ದು ನಿಂತು ಬಾಯಿಗೆ ಬಂದದ್ದನ್ನು ಅನ್ನುವವಳಿದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. "ಕುಂದ್ರಲಿ ಬಿಡೇ. ನೀನು ಮಾಡು."

ಮತ್ತೆ ಹರಿಹರಕ್ಕೆ ಹೋದಾಗ ನನ್ನ ಚೀಲದಲ್ಲಿ ರೆಕ್ಸಿನ್ ಇರಲಿಲ್ಲ, ನೀರು ಕುಡಿಯದ ನೈಲಾನ್ ನವಾರದ ಸುರುಳಿಗಳಿದ್ದವು. ಮಂಚಕ್ಕೆ ಹೆಣೆಯುತ್ತೇವಲ್ಲ, ಅದೇ ಪಟ್ಟಿ. ಹಲಗೆ ತೆಗೆಸಿ ಗಟ್ಟಿಯಾದ ಮರದ ಚೌಕಟ್ಟು ಕೂರಿಸಿದೆವು. ಎಡಗಡೆಯ ಅಂಚನ್ನು ಪಾಲಿಶ್ ಕಾಗದದಿಂದ ತಿಕ್ಕಿ ತಿಕ್ಕಿ, ರೇಷ್ಮೆ ಸೀರೆ ಎಳೆದರೂ ಸಿಕ್ಕದ ಹಾಗೆ ನುಣುಪು ಮಾಡಿದೆ. ನವಾರವನ್ನು ಮೊದಲು ಸಡಿಲವಾಗಿಯೇ ಹೆಣೆದೆ. ಆಮೇಲೆ ದಂಡೆಗೆ ಎಳೆದ ದೋಣಿಯೊಳಗೆ ಅತ್ತೆಯನ್ನು ಕೂರಿಸಿ, ಒದ್ದೆ ಬಲೆಯನ್ನು ಮಡಿಲಿಗೆ ಹಾಕಿ, "ಹೊಳ್ಯಾಗೆ ಹೆಂಗೆ ಎಳಿತೀಯೋ ಹಂಗೇ ಎಳಿ" ಎಂದೆ. ನಾನು ಪಕ್ಕದಲ್ಲಿ ಮಂಡಿಯೂರಿ ಒಂದೊಂದೇ ಪಟ್ಟಿಯನ್ನು ಕೆಳಗಿನಿಂದ ಬಿಗಿಯುತ್ತಾ ಬಂದೆ.

"ಎಡಕ್ಕೆ ಬಿಗಿ. ಇನ್ನಾ ಬಿಗಿ. ಅಯ್ಯೋ, ಬಲಕ್ಕಲ್ಲೇ! ಕೊಲ್ತೀಯೇನೇ ನನ್ನ? ಅಲ್ಲಿ ಸಡ್ಲ ಬಿಡು."

ಎಡತೊಡೆಯ ಕೆಳಗೆ ನವಾರ ಹಲಗೆಯಷ್ಟೇ ಗಟ್ಟಿಯಾಯಿತು. ನೋಯುವ ಬಲ ಸೊಂಟದ ಕೆಳಗೆ ತಗ್ಗು ಬಿದ್ದಿತು. ಸ್ವಲ್ಪ ಹೊತ್ತಿಗೆ ಅತ್ತೆ ಬೈಯುವುದನ್ನು ನಿಲ್ಲಿಸಿದರು. ನೋಡಿದರೆ ಕಣ್ಣು ಮುಚ್ಚಿತ್ತು, ಕೈ ಮಾತ್ರ ಬಲೆ ಎಳೆಯುತ್ತಿತ್ತು. "ನೋವಿಲ್ಲ ಕಣೇ" ಎಂದರು. ಪಟ್ಟಿಗಳ ತುದಿಯನ್ನೆಲ್ಲ ಕೆಳಗೆ ಮಡಚಿ ಮೊಳೆ ಹೊಡೆದು ಮುಗಿಸುವಾಗ ನನ್ನ ಬೆರಳುಗಳಲ್ಲಿ ರಕ್ತ ಒಸರುತ್ತಿತ್ತು. ಅಷ್ಟು ಸಂತೋಷ ನನಗೆ ಯಾವ ಸೀಟೂ ಕೊಟ್ಟಿರಲಿಲ್ಲ.

ಮಗ ಆಡಿದ ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಕು ಹರಿಯುತ್ತಿದ್ದ ಹಾಗೆ ಆಳನ್ನು ಹೊಸ ಸೀಟಿನ ಮೇಲೆ ಕೂರಿಸಿ ದೋಣಿ ಬಿಟ್ಟ. ಅತ್ತೆ ದಂಡೆಯಲ್ಲಿ ಬಟ್ಟಲು ಹಿಡಿದು ಚಹಾ ಕುಡಿಯುತ್ತಾ ನೋಡಿದರು. ನಾನು ಪಕ್ಕದಲ್ಲಿ ಕುದಿಯುತ್ತಿದ್ದೆ.

ಆಳು ನೆಟ್ಟಗೆ ಎರಡೂ ಕಾಲು ಮುಂದೆ ಚಾಚಿ ಕೂತಿದ್ದ. ಬಲೆ ಜಗ್ಗಿದೊಡನೆ ಬಲಗಡೆಯ ತಗ್ಗಿಗೆ ಜಾರಿದ. ಸರಿಯಾಗಿ ಕೂತು ಮತ್ತೆ ಜಗ್ಗಿದ, ಮತ್ತೆ ಜಾರಿದ. ಎಡಕ್ಕೆ ಸರಿದು ನೋಡಿದ, ಹಿಂದುಮುಂದಾಗಿ ಕೂತು ನೋಡಿದ. ಕೊನೆಗೆ ಎದ್ದು ನಿಂತು ಜಗ್ಗಿದ್ದಕ್ಕೆ ದೋಣಿ ತೊಟ್ಟಿಲಿನಂತೆ ತೂಗಿ, "ಕುಂದ್ರಲೇ!" ಎಂದು ಮಗ ಕೂಗಿದ್ದು ದಂಡೆಗೆಲ್ಲ ಕೇಳಿಸಿತು. ಮಗ ತಾನೇ ಹೋಗಿ ಕೂತ. ಅವನೂ ಜಾರಿದ. ತೆಪ್ಪದವರು ಬಿದ್ದು ಬಿದ್ದು ನಗುತ್ತಿದ್ದರು. ನನಗಾಗಲೇ ಅರ್ಥವಾಗಿ, ಖುಷಿಗೆ ಕುಣಿಯಬೇಕೆನಿಸಿತು. ಅತ್ತೆಯ ಮೈಗೆ ಒಗ್ಗಿದ ಸೀಟು ಬೇರೆ ಯಾರನ್ನೂ ಕೂರಗೊಡುತ್ತಿರಲಿಲ್ಲ. ಹಿಂದಿನ ದಿನ ಪಟ್ಟಿ ಬಿಗಿಸಿಕೊಳ್ಳುವಾಗಲೇ ಅತ್ತೆಗೆ ಇದು ಗೊತ್ತಿತ್ತು!

ದೋಣಿ ವಾಪಸು ಬಂತು. ಮಗ ಬೆವತಿದ್ದ. "ಮಧ್ಯಾಹ್ನ ಹಲಗಿ ಹೊಡಸ್ತೀನಿ ಇದಕ್ಕೆ."

"ಹೊಡಸಪ್ಪ" ಎಂದರು ಅತ್ತೆ. "ಅಲ್ಲೀತನ ಬಲಿಯಾಗಿನ ಮೀನು ಮಾರ್ಕೆಟ್ಟಿಗೆ ತಾವೇ ನಡ್ಕಂಡು ಹೋಗ್ತಾವೇನು?"

ಅವನು ಹೊಳೆ ನೋಡಿದ, ಏರುತ್ತಿದ್ದ ಬಿಸಿಲು ನೋಡಿದ. "ಬಾರವ್ವ" ಎಂದ.

ಅತ್ತೆ ಚಹಾದ ಕೊನೆಯ ಗುಟುಕನ್ನು ನಿಧಾನಕ್ಕೆ ಕುಡಿದು, ಬಟ್ಟಲು ತೊಳೆದು ನನ್ನ ಕೈಗಿಟ್ಟು, ಸೆರಗು ಸಿಕ್ಕಿಸಿ ದೋಣಿ ಹತ್ತಿದರು. ಕಾಲು ಮಡಚಿ ಕೂತರು. ಆಮೇಲೆ ನೋಡಬೇಕಿತ್ತು! ಬಲೆ ನೀರಿನಿಂದ ಎದ್ದು, ಮಡಿಲಿಗೆ ಬಂದು, ಎಡಕ್ಕೆ ಜಾರಿ, ಒಂದು ಕಡೆಯೂ ನಿಲ್ಲದೆ ಬಂದೇ ಬಂತು. ಗೆಂಡೆ ಮೀನುಗಳು ಬಿಸಿಲಿಗೆ ಮಿರುಗುತ್ತಿದ್ದವು. ನಗುತ್ತಿದ್ದ ತೆಪ್ಪದವರು ಈಗ ಹುಟ್ಟು ನಿಲ್ಲಿಸಿ ನೋಡಿದರು. ಪೂರ್ತಿ ಬಲೆ ಎತ್ತುವವರೆಗೂ ಅತ್ತೆ ಒಮ್ಮೆಯೂ ಸೊಂಟ ಹಿಡಿದುಕೊಳ್ಳಲಿಲ್ಲ. ನಾನು ದಂಡೆಯಲ್ಲಿ ನಿಂತು ಅಳುತ್ತಿದ್ದೆ, ನಗುತ್ತಲೂ ಇದ್ದೆ.

ದಂಡೆ ಮುಟ್ಟಿದ ಮೇಲೆ ಮಗ ಯಾರ ಮುಖವನ್ನೂ ನೋಡದೆ ಆಳಿಗೆ ಹೇಳಿದ. "ನೀನು ಇಲ್ಲೇ ದಂಡಿ ಮ್ಯಾಲೆ ಬಲಿ ಬಿಡಿಸೋದು, ಹೊಲ್ಯೋದು ನೋಡ್ಕ. ನಾಳಿಂದ ದೋಣಿಗೆ ಅವ್ವ ಬರ್ತಾಳೆ."

ಅತ್ತೆ ಸೀಟಿನಿಂದ ಏಳಲಿಲ್ಲ.

"ನಾನು ಬರ್ತೀನಿ ಅಂತ ಯಾರು ಹೇಳಿದ್ರು? ನನ್ನ ಕೇಳಿದ್ಯಾ?"

ಅವನು ಹುಟ್ಟನ್ನು ಕೆಳಗಿಟ್ಟು, ದಂಡೆಯಲ್ಲಿ ಇದ್ದವರೆಲ್ಲರ ಎದುರಿಗೆ ತಾಯಿಯ ಮುಂದೆ ಕೂತು ಕೇಳಿದ. "ನಾಳೆ ಹೊಳಿಗೆ ಬರ್ತೀಯೇನವ್ವಾ?"

"ಬರ್ತೀನಿ" ಎಂದರು ಅತ್ತೆ.