ಮಾವನ ಬಂಗ್ಲೆಗೆ ನಮ್ಮ ಮನೆಯ ಕರೆಂಟು

ಮನುಷ್ಯನು ವಿದ್ಯುತ್ತನ್ನು ತನ್ನ ಅಧೀನಕ್ಕೆ ತಂದುಕೊಂಡದ್ದು ನಾಗರಿಕತೆಯ ಇತಿಹಾಸದಲ್ಲಿ ಮಹತ್ತರವಾದ ಘಟ್ಟವೆಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರ ಮನೆಗೆ ನಮ್ಮ ಗುಂಡಪ್ಪ ಮಾವ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದಿರಲಿಲ್ಲ.

ಮೊನ್ನೆ ಆಳಂದದ ನಮ್ಮ ಮನೆಗೆ ಬಣ್ಣ ಹಚ್ಚಲು ಬಂದ ಪೇಂಟರ್ ಪಡಸಾಲೆಯ ಕಿಟಕಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಚೌಕಟ್ಟಿನ ಕೆಳಮೂಲೆಯಲ್ಲಿದ್ದ ಕಚ್ಚಿನೊಳಗೆ ಬೆರಳು ಹಾಕಿ ನೋಡಿದ.

“ಇದೇನ್ರಿ ಕಾಕಾ, ಹೆಗ್ಗಣ ಕಡದದ?”

“ಅಲ್ಲಪಾ, ನಮ್ಮ ಸೋದರಮಾವ” ಎಂದೆ.

ಅವನು ಮುಂದೆ ಕೇಳಲಿಲ್ಲ. ನೀವು ಕೇಳದಿದ್ದರೂ ನಾನು ಹೇಳುವವನೇ. ಬಣ್ಣ ಒಣಗುವವರೆಗೆ ನನಗೆ ಬೇರೆ ಕೆಲಸವಿಲ್ಲ.

ಮಾವ ಅಫಜಲಪುರ ತಾಲೂಕಿನ ಗೊಬ್ಬೂರಿನವರು. ಜೇವರ್ಗಿ ಕಡೆ ಕಾಲುವೆ ಕೆಲಸ ನಡೆದಾಗ ಅಲ್ಲಿಯ ಕ್ಯಾಂಪಿನಲ್ಲಿ ದೊಡ್ಡ ಇಂಜಿನಿಯರರ ಜೀಪು ನಡೆಸುತ್ತಿದ್ದರು. ಇಂಜಿನಿಯರರು ವಾಸವಾಗಿದ್ದದ್ದು ಗಾಲಿಯ ಮೇಲಿನ ಮನೆಯಲ್ಲಿ. ಜೀಪಿಗೆ ಕಟ್ಟಿ ಎಳೆದರೆ ಹಾಸಿಗೆ, ಅಡಿಗೆಕಟ್ಟೆ, ಕಿಟಕಿಯ ಪರದೆಗಳ ಸಮೇತ ಹೊರಟುಬಿಡುವ ಮನೆ. ಅದರೊಳಗೆ ಎದೆಯೆತ್ತರದ ಒಂದು ಫ್ರಿಜ್ಜು. ಕೆಲಸ ಮುಗಿದು ಕ್ಯಾಂಪಿನ ಸಾಮಾನು ಹರಾಜಿಗೆ ಬಂದಾಗ ಬುದ್ಧಿವಂತರು ತಗಡು ಕೊಂಡರು, ಕಬ್ಬಿಣ ಕೊಂಡರು. ಮಾವ ಮನೆಯನ್ನೇ ಕೊಂಡರು. ಸ್ವಂತ ಮನೆಯಿಲ್ಲದವರೇನೂ ಅಲ್ಲ. ಇದ್ದ ಮನೆ ಕದಲುತ್ತಿರಲಿಲ್ಲ, ಅದೊಂದೇ ಕೊರತೆ. ಈ ಗಾಲಿಮನೆಗೆ ಮಾವ ‘ಬಂಗ್ಲೆ’ ಎನ್ನುತ್ತಿದ್ದರು, ನನ್ನ ಹೆಂಡತಿ ‘ಡಬ್ಬಿ’ ಎನ್ನುತ್ತಿದ್ದಳು. ಸಂಸಾರದ ಶಾಂತಿಗಾಗಿ ನಾನು ‘ಅದು’ ಎನ್ನುತ್ತಿದ್ದೆ.

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮಾವನ ಮಗಳು ಮಹಾದೇವಿಗೆ ಸೊಲ್ಲಾಪುರದ ಗಂಡು ಗೊತ್ತಾಯಿತು. ಮಾತುಕತೆಗೆ ಬಂದ ವರನ ತಂದೆ ಸೆಕೆಗೆ ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತ, “ನಮ್ಮ ಕಡಿ ಬ್ಯಾಸಗಿ ನಿಶ್ಚಯಕ್ಕ ತಣ್ಣನ ಶ್ರೀಖಂಡ ಇರಾಕೇಬೇಕ್ರಿ. ನಿಮ್ಮ ಹಳ್ಳ್ಯಾಗ ಅದೆಲ್ಲಿ ಆಗಬೇಕು ಬಿಡ್ರಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಮಾವನ ಕಿವಿ ಕೆಂಪಗಾಯಿತು. “ಆಗ್ತದ್ರಿ. ನನ್ನ ಮಗಳ ನಿಶ್ಚಯಕ್ಕ ತಣ್ಣನ ಶ್ರೀಖಂಡ ತಿಂದೇ ಹೋಗ್ತೀರಿ ನೀವು” ಎಂದುಬಿಟ್ಟರು.

ಮಾತು ಕೊಟ್ಟ ಮೇಲೆ, ಗೊಬ್ಬೂರಿನಲ್ಲಿ ಹಗಲು ಕರೆಂಟು ಇರುವುದಿಲ್ಲವೆಂಬುದು ಅವರಿಗೆ ನೆನಪಾಯಿತು. ಆಳಂದದಲ್ಲಿ ಇರುತ್ತದೆ, ಸೊಲ್ಲಾಪುರದವರಿಗೆ ಬಸ್ಸಿನ ಅನುಕೂಲವೂ ಉಂಟು, ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಇಲ್ಲವೆನ್ನಲು ಬಾರದ ಅಳಿಯನೊಬ್ಬನಿದ್ದಾನೆ. ನಿಶ್ಚಯ ನಮ್ಮ ಮನೆಯಲ್ಲೇ ಎಂದಾಯಿತು. ನಾಲ್ಕು ದಿನ ಮುಂಚೆ ಬಂಗ್ಲೆಯು ಟ್ರ್ಯಾಕ್ಟರಿನ ಹಿಂದೆ ದೂಳು ಎಬ್ಬಿಸುತ್ತ ಬಂದು ನಮ್ಮ ಬಾಗಿಲಿಗೆ ಅಡ್ಡ ನಿಂತಿತು.

“ತಮ್ಮಾ, ನಿಮ್ಮ ಮನ್ಯಾಗ ಕರೆಂಟ್ ಹೆಂಗ ಅದ?” ಎಂದರು ಮಾವ, ಮನೆಯ ಹಿರಿಯರ ಆರೋಗ್ಯ ವಿಚಾರಿಸುವಂತೆ.

“ಚೆಂದ ಅದ ಮಾವಾ. ಯಾಕ್ರಿ?”

“ಒಂದೀಟ ಬೇಕಾಗಿತ್ತು.”

ನೆರೆಯವರು ಹೆಪ್ಪಿಗೆ ಮಜ್ಜಿಗೆ ಕೇಳುವ ದನಿ ಅದು. ಒಂದೀಟು ಮಜ್ಜಿಗೆಗಾದರೆ ಕಿಟಕಿ ಕೆತ್ತಬೇಕಾಗುವುದಿಲ್ಲ. ಮಾವ ಉಳಿ ಹಿಡಿದು ನಮ್ಮ ಕಿಟಕಿಯ ಚೌಕಟ್ಟಿಗೆ ಕಚ್ಚು ಹೊಡೆದು ವೈರು ತೂರಿಸಿದರು. ಬಂಗ್ಲೆಯ ಪ್ಲಗ್ಗು ಯಾವ ದೇಶದ್ದೋ, ನಮ್ಮ ಗೋಡೆಯ ತೂತುಗಳಿಗೆ ಕೂಡಲಿಲ್ಲ. ಅದನ್ನು ಕತ್ತರಿಸಿ ಒಗೆದು, ವೈರಿನ ತುದಿಗಳನ್ನು ಹಲ್ಲಿನಿಂದ ಸುಲಿದು, ತೂತಿನಲ್ಲಿ ತುರುಕಿ, ಬೀಳದಂತೆ ಬೆಂಕಿಕಡ್ಡಿ ಬಡಿದರು. ಸ್ವಿಚ್ಚು ಒತ್ತಿದಾಗ ಫ್ರಿಜ್ಜು ಒಮ್ಮೆ ಮೈಕೊಡವಿ ಗುರ್ರೆಂದಿತು. ನಮ್ಮ ಪಡಸಾಲೆಯ ಬಲ್ಬು ಚಿಮಣಿ ದೀಪದಷ್ಟು ಕೆಂಪಾಯಿತು. ಫ್ಯಾನು ಹಾಕಿದೆವು. ಫ್ಯೂಜು ಹೋಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಸಂವಿಧಾನ ಜಾರಿಗೆ ಬಂದಿತು. ಫ್ರಿಜ್ಜು ನಡೆದಾಗ ಫ್ಯಾನು ನಡೆಯಕೂಡದು. ಇಸ್ತ್ರಿಪೆಟ್ಟಿಗೆಯ ಹೆಸರೂ ಎತ್ತಕೂಡದು. ರೇಡಿಯೋಗೆ, ಸಣ್ಣ ದನಿಯಲ್ಲಿ, ವಿನಾಯಿತಿ. ಕಿಟಕಿಯಲ್ಲಿ ವೈರಿದ್ದುದರಿಂದ ಅದನ್ನು ಮುಚ್ಚುವಂತಿಲ್ಲ. ಸೊಳ್ಳೆಗಳಿಗೆ ಮಾತ್ರ ಈ ವ್ಯವಸ್ಥೆಯ ಬಗ್ಗೆ ಯಾವ ತಕರಾರೂ ಇರಲಿಲ್ಲ.

“ಮಂದಿ ಮನಿಗಿ ಮಾವಂದ್ರು ಬಂದ್ರ ಹೋಳಗಿ ಉಂಡು ಹೋಗ್ತಾರ. ನಿಮ್ಮ ಮಾವ ಕರೆಂಟ್ ಉಣ್ಣಾಕತ್ತಾರ” ಎಂದಳು ನನ್ನಾಕೆ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ.

ಇಷ್ಟೆಲ್ಲ ತ್ಯಾಗ ಮಾಡಿದ ಮೇಲೆ ಫ್ರಿಜ್ಜು ತಣ್ಣಗಾಗಬೇಕಿತ್ತು ತಾನೆ? ಆಗಲಿಲ್ಲ. ಕಾರಣ ಕರೆಂಟಲ್ಲ. ಓಣಿಯ ಜನ. ಬೆಳಗಿನಿಂದ ಬೈಗಿನವರೆಗೆ ಯಾರೋ ಒಬ್ಬರು ಬರುವರು. ಬಂದವರಿಗೆಲ್ಲ ಮಾವ “ಬರ್ರಿ, ಬರ್ರಿ” ಎಂದು ಬಂಗ್ಲೆ ಹತ್ತಿಸಿ, ಫ್ರಿಜ್ಜಿನ ಬಾಗಿಲು ಹಾರು ಹೊಡೆದು, ಅದರ ಮುಂದೆ ನಿಲ್ಲಿಸಿ, “ಮಾರಿ ಒಡ್ಡ್ರಿ, ಇನ್ನಷ್ಟು ಸನೇಕ ಬರ್ರಿ” ಎನ್ನುವರು. ಕಿರಾಣಿ ಅಂಗಡಿಯ ಬಸಣ್ಣನಂತೂ ದಿನಕ್ಕೆರಡು ಸಲ ಬಂದು ಒಂದೇ ಸಂಶಯ ಎತ್ತುತ್ತಿದ್ದ.

“ಗುಂಡಪ್ಪಣ್ಣಾ, ಬಾಗಿಲಾ ಹಾಕಿದ ಮ್ಯಾಲ ಒಳಗಿನ ಬಲ್ಬ್ ಆರತದೋ ಇಲ್ಲೋ?”

“ಆರತದ.”

“ನೀ ನೋಡೀಯೇನು?”

“ಬಾಗಿಲಾ ಹಾಕಿದ ಮ್ಯಾಲ ಹೆಂಗಲೇ ನೋಡ್ಲಿ?”

“ಮತ್ತ ನೋಡಲಾರದೇ ಹೆಂಗ ಹೇಳ್ತಿ?”

ಋಷಿಮುನಿಗಳನ್ನು ಕಾಡಬೇಕಾಗಿದ್ದ ಈ ಪ್ರಶ್ನೆಯ ಇತ್ಯರ್ಥಕ್ಕಾಗಿ ಬಾಗಿಲು ಮೆಲ್ಲಗೆ ಹಾಕಿ, ಇನ್ನೂ ಮೆಲ್ಲಗೆ ತೆಗೆದು, ಸಂದಿಯಲ್ಲಿ ಕಣ್ಣಿಟ್ಟು ನೋಡುವರು. ಬಂದ ತಂಪು ಅಷ್ಟೂ ಓಣಿಯ ಪಾಲಾಗುವುದು. “ಮಾವಾ, ಹಿಂಗ ತೆರದ್ರ ತಂಪ ನಿಂದ್ರೂದಿಲ್ರಿ” ಎಂದು ನಾನು ಹೇಳಿದ್ದನ್ನು ಲೆಕ್ಕವಿಟ್ಟಿಲ್ಲ. “ಹೌದಲೇ, ಖರೇನ ಅದ” ಎಂದು ಒಪ್ಪುವರು. ಅಷ್ಟರಲ್ಲಿ ಮತ್ತೊಬ್ಬರು ಬರುವರು. “ಬರ್ರಿ, ಬರ್ರಿ.”

ನಿಶ್ಚಯದ ಮುನ್ನಾದಿನ, ಮಾವನ ಜೊತೆ ಬಂದಿದ್ದ ಅತ್ತೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಗಟ್ಟಿ ಚಕ್ಕಾ ಮಾಡಿ ದೊಡ್ಡ ಪಾತೇಲಿಯಲ್ಲಿ ಫ್ರಿಜ್ಜಿಗಿಟ್ಟರು. ಮರುದಿನ ಸಕ್ಕರೆ, ಯಾಲಕ್ಕಿ ಹಾಕಿ ತಿರುವಿದರೆ ಶ್ರೀಖಂಡ. ಅಲ್ಲಿಯವರೆಗೆ ಹುಳಿಯಾಗಬಾರದು, ಅಷ್ಟೆ. ಮಾವನ ಮಾತು ಆ ಪಾತೇಲಿಯಲ್ಲಿತ್ತು. ನಾನು ಇನ್ನು ತಡೆಯಲಾರದೆ, ದನದ ಹಗ್ಗವೊಂದನ್ನು ತಂದು ಫ್ರಿಜ್ಜಿನ ಸುತ್ತ ಎರಡು ಸುತ್ತು ಬಿಗಿದು, ಬಿಚ್ಚಲು ಬಾರದ ಗಂಟು ಹಾಕಿದೆ.

ಸಂಜೆ ಪಕ್ಕದ ಓಣಿಯ ಹೆಣ್ಣುಮಕ್ಕಳು ಫ್ರಿಜ್ಜು ನೋಡಲು ಬಂದರು. ಮಾವ “ಬರ್ರಿ” ಎನ್ನುತ್ತ ಬಂಗ್ಲೆ ಹತ್ತಿದವರು ಹಗ್ಗ ನೋಡಿದರು. ನನ್ನ ಮೇಲೆ ರೇಗಿದ್ದರೆ ಎರಡು ಮಾತು ಆಡಿ ನಾನೂ ಹಗುರಾಗುತ್ತಿದ್ದೆ. ರೇಗಲಿಲ್ಲ. ಬಂಗ್ಲೆಯಿಂದಿಳಿದು, ಅದರ ಗಾಲಿಯ ಬಾಜುವಿಗೆ, ಇಳಿಬಿಸಿಲಿನಲ್ಲಿ ಕೈ ಕಟ್ಟಿ ನಿಂತುಬಿಟ್ಟರು. ಹೆಣ್ಣುಮಕ್ಕಳೂ ನಿಂತರು.

“ಕ್ಯಾಂಪಿನ್ಯಾಗ ಹಿಂಗೇ ನಿಂದರತಿದ್ರು” ಎಂದರು ಅತ್ತೆ, ಯಾಲಕ್ಕಿ ಸುಲಿಯುತ್ತ, ಯಾರಿಗೂ ಅಲ್ಲವೆಂಬಂತೆ. “ಸಾಹೇಬ ಒಳಗ ತಣ್ಣೀರ ಕುಡಿಯೂತನಕ ಇವರು ಹೊರಗ ಬಿಸಲಾಗ. ಆಂವ ಬಾಗಿಲಾ ತೆರದಾಗ ಒಂದೀಟ ತಂಪ ಇವರ ಮಾರಿಗಿ ಬರತಿತ್ತಂತ. ಅಷ್ಟರಾಗ ಹಾಕೇ ಬಿಡತಿದ್ನಂತ. ಒಂದಿನಾ ಒಂದ್ ಗಿಲಾಸ ನೀರ ಕೊಡ್ಲಿಲ್ಲ ನೋಡು.”

ನಾನು ಬಂಗ್ಲೆ ಹತ್ತಿದೆ. ಬಿಚ್ಚಲು ಬಾರದ ಗಂಟು ಹಾಕಿದವನು ನಾನೇ ಆದ್ದರಿಂದ, ಅದನ್ನು ಬಿಚ್ಚುವಷ್ಟರಲ್ಲಿ ಉಗುರು ಕಿತ್ತುಬಂದವು.

“ಬರ್ರಿ, ಬರ್ರಿ” ಎಂದು ಕೇಳಿಸಿತು ಬೆನ್ನ ಹಿಂದೆ.

ಬೆಳಿಗ್ಗೆ ಚಕ್ಕಾ ಹುಳಿ ಹತ್ತಿ ಬುರುಗು ಬಂದಿತ್ತು. ನನ್ನ ಹೆಂಡತಿ ಪಾತೇಲಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎರಡೂ ಒಂದೇ ನೋಟ. ಬಾವಿಯ ನೀರು ಸುರಿದು, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ ಅರೆದು ಕದಡಿ, ಮಸಾಲೆ ಮಜ್ಜಿಗೆ ಮಾಡಿಬಿಟ್ಟಳು.

ಬೀಗರು ಬಂದರು, ಕುಡಿದರು. ವರನ ತಂದೆ ಮೀಸೆ ಒರೆಸಿಕೊಂಡು ಕೇಳಿಯೇ ಕೇಳಿದರು: “ಶ್ರೀಖಂಡ ಅಂದಿದ್ರಲ್ರಿ?”

ಮಹಾದೇವಿ ಸೀರೆಯ ಅಂಚು ತಿರುವುತ್ತಿದ್ದಳು. ಮಾವ ಎದ್ದರು. “ಬಂದು ನೋಡ್ರಿ” ಎಂದು ಬೀಗರ ಕೈ ಹಿಡಿದು ಬಂಗ್ಲೆಗೆ ಕರೆದೊಯ್ದು ಫ್ರಿಜ್ಜಿನ ಬಾಗಿಲು ತೆರೆದರು. “ಆಳಂದದ ಮಂದೀಗೆಲ್ಲಾ ತೋರಿಸೀನ್ರಿ. ಅದಕ್ಕ ತಂಪ ಉಳಿಲಿಲ್ಲ. ಮಾತ ತಪ್ಪಿದ್ಹಂಗಾತು.”

ಬೀಗರು ಒಳಗೆ ಕೈಯಿಟ್ಟು ನೋಡಿದರು. “ಇದಕಿಂತ ನಮ್ಮ ಸೊಲ್ಲಾಪುರದ ಬಸ್ಸೇ ತಂಪಿತ್ತು ಬಿಡ್ರಿ” ಎಂದರು. ಆಮೇಲೆ ಬಗ್ಗಿ, ತುಸು ಸಂಕೋಚದಿಂದ, “ಬೀಗ್ರೇ, ಬಾಗಿಲಾ ಹಾಕಿದ್ರ ಈ ಬಲ್ಬ್ ಆರತದೇನ್ರಿ?”

ಇಬ್ಬರೂ ಹೊರಗೆ ಬರುವುದಕ್ಕೆ ಬಹಳ ಹೊತ್ತಾಯಿತು. ಶಾಸ್ತ್ರ ಮಾಡಿಸಲು ಬಂದ ಅಯ್ಯನವರು ಮುಹೂರ್ತ ಮೀರುತ್ತದೆಂದು ಎರಡು ಸಲ ಕೂಗಬೇಕಾಯಿತು. ನಿಶ್ಚಯವಾಯಿತು.

ಪೇಂಟರ್ ತೂತು ತುಂಬುವ ಲಪ್ಪದ ಡಬ್ಬಿ ಹಿಡಿದು, “ಕಾಕಾ, ಈ ಕಚ್ಚ ಮುಚ್ಚಲೇನ್ರಿ?” ಎಂದ. ಬೇಡವೆಂದೆ. ಬಿಸಿಲಿಗೆ ಅವನ ಬಾಯಿ ಒಣಗಿತ್ತು. ಒಳಗೆ ಕರೆದು, ನಮ್ಮ ಈಗಿನ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದು, ಬಾಟಲಿ ಹುಡುಕುವ ನೆಪದಲ್ಲಿ ಅವನನ್ನು ಅದರ ಮುಂದೆ ನಿಲ್ಲಿಸಿಕೊಂಡೆ. “ಬಾಗಿಲಾ ಹಾಕ್ರಿ, ತಂಪ ಹೋಗ್ತದ!” ಎಂದಳು ನನ್ನಾಕೆ ಅಡಿಗೆಮನೆಯಿಂದ. ಹೋಗಲಿ ಎಂದೆ, ಅವಳಿಗೆ ಕೇಳಿಸದಷ್ಟು ಮೆಲ್ಲಗೆ.

ಮಾವನ ಬಂಗ್ಲೆ ಆ ಬೇಸಿಗೆಯಿಡೀ ನಮ್ಮ ಮನೆಯ ಕರೆಂಟಿನ ಮೇಲೆ ನಿಂತಿತ್ತು. ಅದರ ಫ್ರಿಜ್ಜಿನಲ್ಲಿ ಒಂದು ಸಲವೂ ನೀರು ಗಟ್ಟಿಯಾಗಿ ಬರ್ಫ ಆಗಲಿಲ್ಲ.